ಮದುವೆ ಮಂಟಪದ ಬಾಗಿಲಲ್ಲಿ ಪನ್ನೀರು ಬೇಡವೆಂದು ಹೇಳುವುದು ಹೇಗೆ? ರಾಸಾಯನಿಕ ಅತಿಸಂವೇದನೆಯ ಕರಪತ್ರಕ್ಕೆ ಸಲಹೆ ಬೇಕಾಗಿದೆ

ಮಾದಾಪುರದ ಅತ್ತಿಗೆ · ಮೇ 3

ಎಲ್ಲರಿಗೂ ನಮಸ್ಕಾರ. ನನ್ನ ನಾದಿನಿಗೆ ಆರು ವರ್ಷಗಳಿಂದ ಒಂದು ತೊಂದರೆ ಇದೆ. ಹೊಸ ಬಣ್ಣ, ಫಿನಾಯಿಲ್, ಸೊಳ್ಳೆಬತ್ತಿ, ಬಟ್ಟೆ ಮೆದುವಾಗಲೆಂದು ಹಾಕುವ ಸುವಾಸನೆಯ ದ್ರವ, ಸೆಂಟು, ಅಗರಬತ್ತಿ, ಇವುಗಳಲ್ಲಿ ಯಾವುದರ ಗಾಳಿ ಸೋಕಿದರೂ ಮೊದಲು ತಲೆ ಭಾರವಾಗುತ್ತದೆ, ಆಮೇಲೆ ಎದೆ ಬಿಗಿಯುತ್ತದೆ, ಆಡುತ್ತಿರುವ ಮಾತಿನ ನಡುವೆಯೇ ಪದಗಳು ಸಿಗದಂತಾಗುತ್ತವೆ. ಒಮ್ಮೆ ಹೀಗಾದರೆ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಮಳೆಗಾಲದ ನಡುವೆ, ಹೊಸದಾಗಿ ಬಣ್ಣ ಬಳಿದು ಪ್ಲೈವುಡ್ ಕಪಾಟುಗಳನ್ನು ಕೂರಿಸಿದ ಮನೆಗೆ ಅವಳು ಒಕ್ಕಲು ಹೋದ ವರ್ಷ ಇದು ಆರಂಭವಾಯಿತು. ಮಳೆಯ ಹೊಡೆತಕ್ಕೆ ಮೂರು ತಿಂಗಳು ಕಿಟಕಿ ತೆರೆದಿರಲಿಲ್ಲ.

ಕಳೆದ ತಿಂಗಳು ಹತ್ತಿರದ ನೆಂಟರ ಮದುವೆಗೆ ಹೋಗಿದ್ದೆವು. ಮಂಟಪದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದ ಹುಡುಗಿಗೆ ಇವಳು ಅಂಗೈ ತೋರಿಸಿ ಬೇಡವೆಂದಳು. ನಾಚಿಕೆಯೆಂದು ತಿಳಿದ ಆ ಮಗು ನಗುತ್ತಾ ಎರಡೂ ಹೆಗಲಿಗೆ ಧಾರಾಳವಾಗಿ ಚಿಮುಕಿಸಿತು. ಮುಹೂರ್ತ ಮುಗಿಯುವವರೆಗೂ ನಾದಿನಿ ಹೊರಗೆ ಜೀಪಿನಲ್ಲಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಕುಳಿತಿದ್ದಳು. ಊಟಕ್ಕೆ ಕರೆಯಲು ಬಂದ ಹಿರಿಯರೊಬ್ಬರು, "ಸುವಾಸನೆಯಿಂದಲೂ ಕಾಯಿಲೆ ಬರುವುದುಂಟೇನಮ್ಮಾ?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ.

ಇದನ್ನು ಮಲ್ಟಿಪಲ್ ಕೆಮಿಕಲ್ ಸೆನ್ಸಿಟಿವಿಟಿ, ಚಿಕ್ಕದಾಗಿ ಎಂಸಿಎಸ್ ಎನ್ನುತ್ತಾರಂತೆ. ಹಲವು ದೇಶಗಳಲ್ಲಿ ಮೇ ತಿಂಗಳಲ್ಲಿ ಇದರ ಬಗ್ಗೆ ಜನರಿಗೆ ತಿಳಿವಳಿಕೆ ನೀಡುವ ರೂಢಿಯಿದೆ. ನಮ್ಮ ಕೊಡಗಿನಲ್ಲೂ ಒಂದು ಪುಟದ ಕರಪತ್ರ ಮಾಡಿ ಮಹಿಳಾ ಸಮಾಜ, ಮದುವೆ ಮಂಟಪ, ಅಂಗಡಿಗಳಿಗೆ ಕೊಡಬೇಕೆಂದಿದ್ದೇನೆ. "ನಿಮ್ಮ ಸುಗಂಧ ಇನ್ನೊಬ್ಬರಿಗೆ ವಿಷ" ಎಂಬುದು ನಾನು ಬರೆದಿರುವ ಮೊದಲ ಸಾಲು. ಇದು ಜಗಳಕ್ಕೆ ಕರೆದಂತಿದೆ ಎಂದು ಯಜಮಾನರು ಹೇಳುತ್ತಾರೆ. ನೀವೇನೆನ್ನುತ್ತೀರಿ?

ಗೋಣಿಕೊಪ್ಪ ಸಂತೆ · ಮೇ 3

ಯಜಮಾನರ ಮಾತೇ ಸರಿ. "ವಿಷ" ಎಂಬ ಪದ ಕಂಡ ಕೂಡಲೇ ಜನ ಆ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿಸಿಕೊಳ್ಳುತ್ತಾರೆ.

ಅರೇಬಿಕಾ ಅಜ್ಜ · ಮೇ 3

ತಂಗಿ, ನೋಯಿಸಬೇಕೆಂದು ಹೇಳುತ್ತಿಲ್ಲ. ನಲವತ್ತು ವರ್ಷ ಕಾಫಿ ತೋಟ ಮಾಡಿದ್ದೇನೆ. ಕಾಂಡಕೊರಕಕ್ಕೆ, ಕಾಯಿಕೊರಕಕ್ಕೆ, ಎಲೆತುಕ್ಕಿಗೆ ಹೊಡೆಯದ ಔಷಧಿಯಿಲ್ಲ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕರಗಿಸುವಾಗ ಕೈಯೆಲ್ಲಾ ನೀಲಿಯಾಗುತ್ತಿತ್ತು. ಆದರೂ ಗಟ್ಟಿಯಾಗಿದ್ದೇನೆ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಬಿರಿದಾಗ ಇಡೀ ಜಿಲ್ಲೆಯೇ ಘಮಘಮಿಸುತ್ತದಲ್ಲ, ಆಗ ನಿಮ್ಮ ನಾದಿನಿಗೆ ಏನೂ ಆಗುವುದಿಲ್ಲವೇ? ಹೂವಿನ ವಾಸನೆ ಒಗ್ಗಿ ಬಾಟಲಿಯ ವಾಸನೆ ಒಗ್ಗದಿದ್ದರೆ ತೊಂದರೆ ಮೂಗಿನದೋ ಮನಸ್ಸಿನದೋ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮಾದಾಪುರದ ಅತ್ತಿಗೆ · ಮೇ 3

ಅಣ್ಣಾ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಕಾಫಿ ಹೂವಿನಿಂದ ಅವಳಿಗೆ ಈವರೆಗೆ ಏನೂ ಆಗಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲ್ಲಿಗೆ ದಂಡೆ ಇದ್ದರೆ ಮಾತ್ರ ಈಚೆಗೆ ತಲೆನೋವು ಬರುತ್ತಿದೆ. ಆದ್ದರಿಂದ ಪ್ರಕೃತಿಯದೆಲ್ಲ ಒಳ್ಳೆಯದು, ಕಾರ್ಖಾನೆಯದೆಲ್ಲ ಕೆಟ್ಟದ್ದು ಎಂದು ವಾದಿಸಲು ನಾನು ಬಂದಿಲ್ಲ.

ರಾತ್ರಿಪಾಳಿ ವೈದ್ಯ · ಮೇ 4

ನಾನು ಜಿಲ್ಲೆಯಲ್ಲೇ ವೃತ್ತಿಯಲ್ಲಿರುವವನು. ಈ ವಿಷಯದಲ್ಲಿ ಎರಡೂ ಕಡೆಯವರು ಅವಸರದಿಂದ ತೀರ್ಪು ಕೊಡುವುದನ್ನು ನೋಡಿ ಬೇಸತ್ತಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1950ರ ದಶಕದಲ್ಲಿ ಷಿಕಾಗೋದ ಅಲರ್ಜಿ ತಜ್ಞ ಥೆರಾನ್ ರಾಂಡಾಲ್ಫ್ ಇಂತಹ ರೋಗಿಗಳ ಬಗ್ಗೆ ಬರೆಯತೊಡಗಿದರು. ಈಗ ಬಳಕೆಯಲ್ಲಿರುವ ಹೆಸರನ್ನು 1987ರಲ್ಲಿ ಕೊಟ್ಟವರು ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ಕಲೆನ್. 1996ರಲ್ಲಿ ಬರ್ಲಿನ್‌ನಲ್ಲಿ ಸೇರಿದ ತಜ್ಞರ ಸಭೆಯು, ಈ ಹೆಸರು ರಾಸಾಯನಿಕವೇ ಕಾರಣವೆಂದು ಮೊದಲೇ ತೀರ್ಮಾನಿಸಿಬಿಡುತ್ತದೆ ಎಂದು ಆಕ್ಷೇಪಿಸಿ, "ಕಾರಣ ತಿಳಿಯದ ಪರಿಸರ ಅಸಹಿಷ್ಣುತೆ" ಎಂಬರ್ಥದ ಬೇರೊಂದು ಹೆಸರನ್ನು ಸೂಚಿಸಿತು. 1999ರಲ್ಲಿ ಕೆಲವು ವೈದ್ಯರು ಮತ್ತು ಸಂಶೋಧಕರು ಸೇರಿ ಆರು ಲಕ್ಷಣಗಳನ್ನು ಗೊತ್ತುಮಾಡಿದರು. ತೊಂದರೆ ದೀರ್ಘಕಾಲದ್ದಾಗಿರಬೇಕು, ಅದೇ ವಸ್ತು ಮತ್ತೆ ಸೋಕಿದಾಗ ಮತ್ತೆ ಬರಬೇಕು, ಉಳಿದವರಿಗೆ ಏನೂ ಆಗದಷ್ಟು ಕಡಿಮೆ ಪ್ರಮಾಣಕ್ಕೇ ಬರಬೇಕು, ಆ ವಸ್ತುವಿನಿಂದ ದೂರವಾದರೆ ಇಳಿಯಬೇಕು, ಒಂದಕ್ಕೊಂದು ಸಂಬಂಧವಿಲ್ಲದ ಹಲವು ರಾಸಾಯನಿಕಗಳಿಂದ ಬರಬೇಕು, ದೇಹದ ಒಂದಕ್ಕಿಂತ ಹೆಚ್ಚು ಅಂಗವ್ಯವಸ್ಥೆಗಳಲ್ಲಿ ಕಾಣಿಸಿಕೊಳ್ಳಬೇಕು. ನಾದಿನಿಯವರ ವಿವರ ಇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ.

ಇನ್ನು ಅಜ್ಜನವರ ಪ್ರಶ್ನೆ. ಈ ರೋಗಿಗಳಿಗೆ ರಾಸಾಯನಿಕವನ್ನೂ ಬರಿಗಾಳಿಯನ್ನೂ ಸೋಕಿಸಿ ನೋಡಿದ 37 ಪ್ರಯೋಗಗಳನ್ನು 2006ರಲ್ಲಿ ಒಟ್ಟಾಗಿ ಪರಿಶೀಲಿಸಿದ್ದಾರೆ. ರೋಗಿಗಳು ಪ್ರತಿಕ್ರಿಯಿಸುವುದು ನಿಜ, ಆದರೆ ಎರಡರ ವ್ಯತ್ಯಾಸ ಅವರಿಗೆ ತಿಳಿಯುವಂತಿದ್ದಾಗಲೇ ಹಾಗಾಗುತ್ತದೆ, ಆದ್ದರಿಂದ ನಿರೀಕ್ಷೆಯ ಪಾತ್ರವೂ ಇರಬಹುದು ಎಂಬುದು ಆ ಪರಿಶೀಲನೆಯ ಸಾರ. ಆ ಪ್ರಯೋಗಗಳ ಕ್ರಮವನ್ನೇ ಒಪ್ಪದ ಸಂಶೋಧಕರೂ ಇದ್ದಾರೆ. ಒಮ್ಮೆ ದೊಡ್ಡ ಪ್ರಮಾಣದಲ್ಲಿ ಸೋಕಿದ ಬಳಿಕ ದೇಹವು ಸಣ್ಣ ಪ್ರಮಾಣಗಳನ್ನೂ ತಾಳುವ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಟೆಕ್ಸಾಸ್‌ನ ಕ್ಲಾಡಿಯಾ ಮಿಲ್ಲರ್ ಅವರ ವಾದ.

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ. ಆದಕಾರಣ ಉಬ್ಬಸ, ಮೈಗ್ರೇನ್, ಮೂಗಿನ ಅಲರ್ಜಿ, ಥೈರಾಯ್ಡ್ ಮುಂತಾದವನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಎಂಸಿಎಸ್ ಎಂದು ತಾವೇ ನಿರ್ಧರಿಸಿ ಇನ್‌ಹೇಲರ್ ನಿಲ್ಲಿಸಿದವರೊಬ್ಬರನ್ನು ಮಧ್ಯರಾತ್ರಿ ಕೃತಕ ಉಸಿರಾಟಕ್ಕೆ ಹಾಕಬೇಕಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಕರಪತ್ರದಲ್ಲಿ ಈ ಮಾತು ಇರಲೇಬೇಕು.

ಅರೇಬಿಕಾ ಅಜ್ಜ · ಮೇ 4

ಅಂದರೆ ಮನಸ್ಸಿನದೇ ಎಂದ ಹಾಗಾಯಿತಲ್ಲ, ಡಾಕ್ಟರೇ.

ರಾತ್ರಿಪಾಳಿ ವೈದ್ಯ · ಮೇ 4

ಹಾಗಾಗಲಿಲ್ಲ. ಕಾರಣದ ಬಗ್ಗೆ ಜಗಳವಿದೆ, ನೋವಿನ ಬಗ್ಗೆ ಇಲ್ಲ. ಜೀಪಿನಲ್ಲಿ ಕುಳಿತವರ ತಲೆನೋವು ಯಾವ ದಾರಿಯಿಂದ ಬಂದಿದ್ದರೂ ಅದು ತಲೆನೋವೇ.

ಹ್ಯಾಲಿಫ್ಯಾಕ್ಸ್ ಹುಡುಗ · ಮೇ 4

ನಾನು ವಿರಾಜಪೇಟೆಯವನು, ಒಂಬತ್ತು ವರ್ಷಗಳಿಂದ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದೇನೆ. ಇಲ್ಲಿನ ಆಸ್ಪತ್ರೆ, ಕಾಲೇಜು, ಕಚೇರಿಗಳಲ್ಲಿ "ದಯವಿಟ್ಟು ಸುಗಂಧ ಹಾಕಿಕೊಂಡು ಬರಬೇಡಿ" ಎಂಬ ಫಲಕಗಳು ಚಪ್ಪಲಿ ಹೊರಗೆ ಬಿಡಿ ಎಂಬಷ್ಟೇ ಸಹಜ. ಕೆಲಸಕ್ಕೆ ಸೇರಿದ ಮೊದಲ ವಾರ ಅತ್ತರು ಹಾಕಿಕೊಂಡು ಹೋಗಿದ್ದೆ. ಮೇಲಧಿಕಾರಿಣಿ ಪಕ್ಕಕ್ಕೆ ಕರೆದು ಸಮಾಧಾನದಿಂದಲೇ ತಿಳಿಸಿದರು. ಆ ದಿನ ಸಿಟ್ಟು ಬಂದಿತ್ತು, ಈಗ ನಾನೇ ಹೊಸಬರಿಗೆ ಹೇಳುತ್ತೇನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ 2009ರಲ್ಲಿ ತನ್ನ ಕಚೇರಿಗಳಲ್ಲಿ ಸುಗಂಧ ವಸ್ತುಗಳನ್ನು ಬಳಸಬಾರದೆಂದು ನಿಯಮ ಮಾಡಿಕೊಂಡಿತು. ಜಪಾನ್‌ನಲ್ಲಿ ಅದೇ ವರ್ಷ ವಿಮೆಗಾಗಿ ಬಳಸುವ ಕಾಯಿಲೆಗಳ ಪಟ್ಟಿಗೆ ಇದನ್ನು ಸೇರಿಸಿದರು.

2018ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ವೈದ್ಯರು ತಮಗೆ ಎಂಸಿಎಸ್ ಇದೆಯೆಂದು ಹೇಳಿದ್ದಾರೆ ಎಂದವರು ಶೇ. 12.8ರಷ್ಟಿದ್ದರು. ಈ ಅಂಕಿಯನ್ನು ಕರಪತ್ರದಲ್ಲಿ ಹಾಕಬಹುದು.

ಸೋಮವಾರಪೇಟೆ ಮೇಷ್ಟ್ರು · ಮೇ 4

ಅಲ್ಲಿನ ಅಂಕಿಯನ್ನು ಹಾಕಿದರೆ "ಅದು ಅಮೆರಿಕದವರ ಕಾಯಿಲೆ" ಎಂದು ಇಲ್ಲಿನವರು ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ಅದೂ ಜನರೇ ತಮ್ಮ ಬಗ್ಗೆ ಹೇಳಿಕೊಂಡ ಅಂಕಿ. ಬೇಡ ಎಂಬುದು ನನ್ನ ಅಭಿಪ್ರಾಯ.

ಲೈನ್‌ಮನೆ ಮಗಳು · ಮೇ 5

ಎರಡು ದಿನದಿಂದ ಓದುತ್ತಿದ್ದೇನೆ. ಪನ್ನೀರು, ಅತ್ತರು, ಕಪಾಟು ಎಲ್ಲವೂ ಬಂದವು. ಔಷಧಿ ಹೊಡೆಯುವವರ ಮಾತು ಅಜ್ಜನವರ ಬಾಯಲ್ಲಿ ಒಮ್ಮೆ ಬಂತು, ಅದೂ "ನಾನು ಹೊಡೆದೆ" ಎಂದು. ಅಜ್ಜಾ, ತಪ್ಪು ತಿಳಿಯಬೇಡಿ, ನಿಮ್ಮ ತೋಟದಲ್ಲಿ ಪಂಪು ಹೊತ್ತವರು ನೀವೇ ಆಗಿದ್ದಿರೇ?

ನನ್ನ ಅಪ್ಪ ಹೊತ್ತಿದ್ದರು. ಆಗ ಅರೇಬಿಕಾ ಕಾಫಿ ಗಿಡದ ಬೊಡ್ಡೆಗೆ ಲಿಂಡೇನ್ ಎಂಬ ಕೀಟನಾಶಕ ಬಳಿಯುತ್ತಿದ್ದರು. ಅದು ನಿಂತ ಮೇಲೆ ಕ್ಲೋರ್‌ಪೈರಿಫಾಸ್ ಬಂತು. ಮುಖಕ್ಕೆ ಟವಲು, ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಏನೂ ಇಲ್ಲ. ಸಂಜೆ ಅಪ್ಪ ಬಿಚ್ಚಿದ ಅಂಗಿಯನ್ನು ಅಮ್ಮ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಕೊನೆಯ ಕಲ್ಲಿನ ಮೇಲೆ, ನಮ್ಮ ಶಾಲೆಯ ಬಟ್ಟೆಗಳ ಜೊತೆಗೇ ಒಗೆಯುತ್ತಿದ್ದರು. ಬೆನ್ನಿನ ಕಡೆ, ಪಂಪಿನ ಪಟ್ಟಿ ಉಜ್ಜುವ ಜಾಗದಲ್ಲಿ ಹಳದಿಗೆ ತಿರುಗಿದ ಎರಡು ಗೆರೆಗಳಿರುತ್ತಿದ್ದವು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಈಗ ಅಮ್ಮನಿಗೆ ಸೀಮೆಎಣ್ಣೆಯ ವಾಸನೆ, ಬಸ್ಸಿನ ಹೊಗೆ, ಒಗೆಯುವ ಪುಡಿ ಯಾವುದೂ ಆಗುವುದಿಲ್ಲ. ಮದುವೆಗೆ ಹೋಗುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಎಂದು ನಮಗೆ ಯಾರೂ ಹೇಳಲಿಲ್ಲ, "ವಯಸ್ಸಾಯಿತು" ಎಂದರು.

ಮಾದಾಪುರದ ಅತ್ತಿಗೆ · ಮೇ 5

ನೀವು ಹೇಳಿದ ಮೇಲೆ ನನ್ನ ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಹದಿನಾಲ್ಕು ಸಾಲುಗಳಲ್ಲಿ ತೋಟ ಎಂಬ ಪದವೇ ಇಲ್ಲ. ತಪ್ಪು ನನ್ನದು.

ಕರಿಕೆ ಗಡಿ · ಮೇ 5

ಎಂಡೋಸಲ್ಫಾನ್ ವಿಷಯ ಯಾರೂ ಎತ್ತಲಿಲ್ಲವಲ್ಲ! ನಮ್ಮ ಕರಿಕೆ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಹೊಡೆದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ತಡೆಯುವವರೆಗೆ ದೇಶದಲ್ಲಿ ಅದು ಮಾರಾಟದಲ್ಲಿತ್ತು. ಅಲ್ಲಿನ ಮಕ್ಕಳ ಚಿತ್ರವನ್ನು ಕರಪತ್ರದ ಮೇಲೆ ಹಾಕಿದರೆ ಎಲ್ಲರಿಗೂ ತಟ್ಟುತ್ತದೆ.

ರಾತ್ರಿಪಾಳಿ ವೈದ್ಯ · ಮೇ 5

ದಯವಿಟ್ಟು ಬೇಡ. ಅದು ವಿಷ ಸೋಕಿದ ದುರಂತ. ಎಂಸಿಎಸ್ ಎಂದರೆ ಬೇರೆಯವರಿಗೆ ಏನೂ ಮಾಡದಷ್ಟು ಸಣ್ಣ ಪ್ರಮಾಣಕ್ಕೆ ಬರುವ ತೊಂದರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಔಷಧಿ ಹೊಡೆದು ಬಂದವರಿಗೆ ಜೊಲ್ಲು ಸುರಿಯುವುದು, ವಿಪರೀತ ಬೆವರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಉಸಿರು ಕಟ್ಟುವುದು ಕಂಡರೆ ಅದು ಸಂವೇದನೆಯ ಮಾತಲ್ಲ, ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕಗಳ ವಿಷಬಾಧೆ. ಬಟ್ಟೆ ಬಿಚ್ಚಿಸಿ, ಸೋಪು ನೀರಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆತರಬೇಕು.

ಲೈನ್‌ಮನೆ ಮಗಳು · ಮೇ 5

ಬೆರೆಸಬಾರದೆಂಬುದು ಸರಿ, ಡಾಕ್ಟರೇ. ಆದರೆ ದೊಡ್ಡ ಪ್ರಮಾಣ ಸೋಕಿದವರೇ ಆಮೇಲೆ ಸಣ್ಣ ಪ್ರಮಾಣಕ್ಕೂ ತಾಳಲಾರದವರಾಗುತ್ತಾರೆ ಎಂಬ ವಾದವನ್ನು ನೀವೇ ಮೇಲೆ ಬರೆದಿದ್ದೀರಿ. ಆ ವಾದ ಅರ್ಧ ನಿಜವಾಗಿದ್ದರೂ ಇದನ್ನು ಮೊದಲು ಕೇಳಬೇಕಾದ ಜಾಗ ಲೈನ್‌ಮನೆ. ಅಲ್ಲಿಗೆ ಕರಪತ್ರ ಹೋದರೆ ಓದಿ ಹೇಳುವವರೂ ಬೇಕು.

ರಾತ್ರಿಪಾಳಿ ವೈದ್ಯ · ಮೇ 5

ಒಪ್ಪಿದೆ.

ಮಂಜಿನ ಮನೆ ಹೋಂಸ್ಟೇ · ಮೇ 6

ವ್ಯಾಪಾರದ ಕಡೆಯಿಂದ ಒಂದು ಮಾತು. ಹಿಂದಿನ ವರ್ಷ ಬೆಂಗಳೂರಿನಿಂದ ಒಬ್ಬರು ಕರೆ ಮಾಡಿ, ಕೋಣೆಗೆ ರೂಮ್ ಫ್ರೆಶ್‌ನರ್ ಹೊಡೆಯಬಾರದು, ಹಾಸಿಗೆ ಬಟ್ಟೆಯನ್ನು ಸುವಾಸನೆಯಿಲ್ಲದ ಸೋಪಿನಲ್ಲೇ ಒಗೆದಿರಬೇಕು ಎಂದರು. ತಲೆಹರಟೆ ಗಿರಾಕಿ ಎಂದುಕೊಂಡರೂ ಹಣ ಬಂದಿತ್ತು, ಹೂಂ ಎಂದೆ. ಮೂರು ಸಲ ಒಗೆದು ಬಿಸಿಲಿಗೆ ಹಾಕಿದೆವು. ಅವರು ಬಂದು ಹತ್ತು ನಿಮಿಷದಲ್ಲಿ ಹೊರಗೆ ಜಗಲಿಗೆ ಬಂದು ಕುಳಿತರು. ಹುಡುಕಿದರೆ ಕಂಬಳಿ ಇಡುವ ಕಪಾಟಿನ ಮೂಲೆಯಲ್ಲಿ ಹೋದ ಮಳೆಗಾಲದ ನುಸಿಗುಳಿಗೆಗಳಿದ್ದವು, ಅರ್ಧ ಕರಗಿ ಗುಲಗಂಜಿಯಷ್ಟಾಗಿದ್ದವು. ದಿನವೂ ಆ ಕಪಾಟು ತೆಗೆಯುವ ನನಗೆ ಅದರ ವಾಸನೆ ಇದೆಯೆಂದೇ ತಿಳಿದಿರಲಿಲ್ಲ.

ಆದರೆ ನಮ್ಮ ಕಷ್ಟವನ್ನೂ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಗುಳಿಗೆ ಇಡದಿದ್ದರೆ ಕಂಬಳಿ ಹಾಳು, ಫ್ರೆಶ್‌ನರ್ ಹೊಡೆಯದಿದ್ದರೆ "ಕೋಣೆ ಮುಗ್ಗಲು ವಾಸನೆ" ಎಂದು ಅತಿಥಿಗಳು ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ. ಎಲ್ಲ ಕೋಣೆಗಳಲ್ಲೂ ನಿಲ್ಲಿಸಿ ಎಂದರೆ ನನ್ನಿಂದಾಗದು. ಒಂದು ಕೋಣೆಯನ್ನು, ಅಡುಗೆಮನೆಯ ಒಲೆಯ ಗೋಡೆಗೆ ತಾಗಿಕೊಂಡಿರುವುದರಿಂದ ಒಣಗಿರುವ ಕೋಣೆಯನ್ನು, ಈಗ ಹಾಗೆ ಇಟ್ಟಿದ್ದೇನೆ.

ಸೋಮವಾರಪೇಟೆ ಮೇಷ್ಟ್ರು · ಮೇ 6

ಬೂಷ್ಟೂ ಇಂತಹವರಿಗೆ ಒಗ್ಗುವುದಿಲ್ಲ. ಫ್ರೆಶ್‌ನರ್ ಬೂಷ್ಟನ್ನು ತೆಗೆಯುವುದೂ ಇಲ್ಲ, ಅದರ ಮೇಲೆ ಸೆಂಟು ಸುರಿಯುತ್ತದೆ, ಅಷ್ಟೇ. ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೇ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಹಿಂದಿನ ಸಂಜೆ ಒರೆಸಿ ಕಿಟಕಿ ತೆರೆದಿಡುವಂತೆ ಮಾಡಿದೆವು. ಖರ್ಚು ಸೊನ್ನೆ. ಮಳೆಗಾಲದಲ್ಲಿ ಮಾತ್ರ ಆ ಕಿಟಕಿಯ ಮಾತು ನಡೆಯುವುದಿಲ್ಲ.

ಆರೋಗ್ಯವೇ ಭಾಗ್ಯ · ಮೇ 6

ಇದಕ್ಕೆಲ್ಲ ನಮ್ಮ ಹಿರಿಯರ ಮದ್ದಿದೆ. ಸಂಜೆ ಮನೆಯ ತುಂಬಾ ಸಾಂಬ್ರಾಣಿ ಹೊಗೆ ಹಾಕಿ, ಮೂರು ವಾರ ಕಷಾಯ ಕುಡಿದರೆ ನಂಜೆಲ್ಲ ಇಳಿಯುತ್ತದೆ. ಬೇಕಾದವರು ನನಗೆ ಪ್ರತ್ಯೇಕವಾಗಿ ಬರೆಯಿರಿ.

ಗೋಣಿಕೊಪ್ಪ ಸಂತೆ · ಮೇ 6

ಹೊಗೆಯಿಂದ ಬಳಲುವವರಿಗೆ ಹೊಗೆಯೇ ಮದ್ದು. ಮುಳುಗುವವರಿಗೆ ನೀರು ಕುಡಿಸುವ ವೈದ್ಯ.

ಕಾನೂನು ಕಟ್ಟೆ · ಮೇ 6

ಹಕ್ಕಿನ ಭಾಷೆಯಲ್ಲಿ ಬರೆಯಬಹುದೇ ಎಂದು ಒಬ್ಬರು ನನಗೆ ಕೇಳಿದ್ದರಿಂದ ಹೇಳುತ್ತಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಇದು ಅದರಲ್ಲಿ ಇಲ್ಲ. ಕಾನೂನು ಇದೆ ಎಂದು ಕರಪತ್ರದಲ್ಲಿ ಬೆದರಿಸಿದರೆ ನಾಳೆ ಯಾರಾದರೂ ಯಾವ ಕಲಮು ಎಂದು ಕೇಳಿಯೇ ಕೇಳುತ್ತಾರೆ. ವಿನಂತಿಯಾಗಿಯೇ ಇರಲಿ.

ಅರೇಬಿಕಾ ಅಜ್ಜ · ಮೇ 7

ಲೈನ್‌ಮನೆಯ ಮಗಳು ಕೇಳಿದ ಪ್ರಶ್ನೆಗೆ ಎರಡು ದಿನ ಉತ್ತರಿಸದೆ ಇದ್ದೆ. ಮೊದಲ ಕೆಲವು ವರ್ಷ ನಾನೇ ಹೊತ್ತಿದ್ದೆ. ಆಮೇಲೆ ಹೊತ್ತವರು ಬೇರೆಯವರು. ಅವರಲ್ಲಿ ಈಗ ಎಷ್ಟು ಮಂದಿ ಗಟ್ಟಿಯಾಗಿದ್ದಾರೆ ಎಂದು ನಾನು ಲೆಕ್ಕ ಇಟ್ಟಿಲ್ಲ.

ಈ ಕಾಯಿಲೆಯ ಬಗ್ಗೆ ನನ್ನ ಸಂಶಯ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ವಿಷಯ ನೆನಪಾಯಿತು. ನಮ್ಮಪ್ಪನ ಕಾಲದಲ್ಲಿ ತೋಟಕ್ಕೆ ಔಷಧಿ ಹೊಡೆಯುವ ಹಿಂದಿನ ಸಂಜೆ, ಪಕ್ಕದಲ್ಲಿ ಜೇನುಪೆಟ್ಟಿಗೆ ಇಟ್ಟವರ ಮನೆಗೆ ಆಳು ಕಳುಹಿಸಿ ಹೇಳಿಸುತ್ತಿದ್ದರು. ಅವರು ಪೆಟ್ಟಿಗೆಯ ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕಾಗಿ ಜೇನಿಗೆ ನಿಜವಾಗಿ ಏನಾಗುತ್ತದೆಂದು ಯಾರೂ ಪುರಾವೆ ಕೇಳುತ್ತಿರಲಿಲ್ಲ. ಈ ತಿಂಗಳು ಕಾಂಡಕೊರಕಕ್ಕೆ ಬೊಡ್ಡೆಗೆ ಹೊಡೆಸುವುದಿದೆ. ಮಾದಾಪುರದಲ್ಲಿ ನಿಮ್ಮ ಮನೆ ಯಾವ ಕಡೆಗಿದೆಯೋ ತಿಳಿಯದು, ನನ್ನ ತೋಟದ ಕೆಳಗಿನ ಮೂರು ಮನೆಗಳಿಗಂತೂ ಹಿಂದಿನ ದಿನವೇ ಹೇಳಿಸುತ್ತೇನೆ. ಕೈಗವಸು, ಬೂಟು, ಮುಖಕವಚ ತರಿಸಿದ್ದೇನೆ. ಸೆಕೆಯೆಂದು ಹಾಕಿಕೊಳ್ಳದೆ ಬಿಡುತ್ತಾರೆ, ಅದು ಬೇರೆ ಜಗಳ.

ಲೈನ್‌ಮನೆ ಮಗಳು · ಮೇ 7

ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಹೊಡೆಸಿ, ಪೂರ್ತಿ ದಿನದ ಕೂಲಿ ಕೊಡಿ. ಆಗ ಹಾಕಿಕೊಳ್ಳುತ್ತಾರೆ. ಒಗೆಯಲು ಬೇರೆ ಬಕೆಟ್ಟನ್ನೂ ಕೊಡಿಸಿ, ಅಜ್ಜಾ.

ಮಾದಾಪುರದ ಅತ್ತಿಗೆ · ಮೇ 8

ಎಲ್ಲರ ಮಾತುಗಳನ್ನು ಕೂಡಿಸಿ, ಕಳೆದು, ಹೀಗೆ ಬರೆದಿದ್ದೇನೆ.

"ನಮ್ಮ ನಡುವೆ ಕೆಲವರಿಗೆ ಸೆಂಟು, ಬಣ್ಣ, ಫಿನಾಯಿಲ್, ಸೊಳ್ಳೆಬತ್ತಿ, ತೋಟದ ಔಷಧಿ ಸ್ವಲ್ಪ ಸೋಕಿದರೂ ತಲೆನೋವು, ಉಸಿರುಬಿಗಿತ, ಮಂಕು ಕವಿಯುವುದು ಆಗುತ್ತದೆ. ಇದಕ್ಕೆ ಕಾರಣವೇನೆಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ, ಬಳಲುವುದು ಮಾತ್ರ ನಿಜ. ಮಂಟಪದ ಬಾಗಿಲಲ್ಲಿ ಕೇಳಿದ ಮೇಲೆ ಪನ್ನೀರು ಚಿಮುಕಿಸಿ. ಔಷಧಿ ಹೊಡೆಯುವ, ಬಣ್ಣ ಬಳಿಯುವ ಹಿಂದಿನ ದಿನ ನೆರೆಮನೆಗೆ ತಿಳಿಸಿ. ಔಷಧಿ ಹೊಡೆಯುವಾಗ ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ನಿಮಗೇ ಹೀಗಾಗುತ್ತಿದ್ದರೆ ಮೊದಲು ವೈದ್ಯರಿಂದ ಉಬ್ಬಸದ ಪರೀಕ್ಷೆ ಮಾಡಿಸಿಕೊಳ್ಳಿ, ನಡೆಯುತ್ತಿರುವ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ."

ರಾತ್ರಿಪಾಳಿ ವೈದ್ಯ · ಮೇ 8

ವಿಷಬಾಧೆಯ ಲಕ್ಷಣಗಳಿಗೆ ಹಿಂಬದಿಯಲ್ಲಿ ಪ್ರತ್ಯೇಕವಾಗಿ ಜಾಗ ಕೊಡಿ. ಉಳಿದಂತೆ ನನ್ನ ತಕರಾರಿಲ್ಲ.

ಅರೇಬಿಕಾ ಅಜ್ಜ · ಮೇ 8

"ಒಮ್ಮತವಿಲ್ಲ" ಎಂದು ಬರೆದದ್ದಕ್ಕೆ ನನ್ನ ಪಾಲಿನ 50 ಪ್ರತಿಗಳ ಖರ್ಚು ನನ್ನದು.

ಮಾದಾಪುರದ ಅತ್ತಿಗೆ · ಮೇ 11

ಕುಶಾಲನಗರದಿಂದ 500 ಪ್ರತಿ ಅಚ್ಚಾಗಿ ಬಂತು. ಮೊದಲ ಪ್ರತಿಯನ್ನು ನಾದಿನಿಯ ಕೈಗೇ ಕೊಡಬೇಕೆಂದು ಸಂಭ್ರಮದಿಂದ ಕಟ್ಟು ಬಿಚ್ಚಿದೆ. ಶಾಯಿಯ ಕಮಟು ಜಗಲಿಯವರೆಗೆ ಬಂತು. ಅವಳು ಅಂಗಳದಿಂದಲೇ, "ಅತ್ತಿಗೆ, ಅಲ್ಲಿಂದಲೇ ಗಟ್ಟಿಯಾಗಿ ಓದಿ" ಎಂದಳು.

ಮಂಜಿನ ಮನೆ ಹೋಂಸ್ಟೇ · ಮೇ 11

ಮಳೆ ಹಿಡಿಯುವ ಮೊದಲು ಕಾಫಿ ಕಣದಲ್ಲಿ ಎರಡು ದಿನ ಹರವಿಡಿ, ಹಾರದಂತೆ ಮೇಲೆ ಕಲ್ಲು ಹೇರಿ. ನನಗೆ 20 ಪ್ರತಿ ಬೇಕು, ಒಣಗಿದ ಮೇಲೆ.